ಹುಸಿ ಹಾಸಿಗೆ

ಬಿತ್ತುವ ಮೊದಲೇ ಕಳೆಯ ಲೆಕ್ಕ ಹಾಕಬೇಕು ಎಂದೆ.
ಅತ್ತೆ ಹೌಸಾಬಾಯಿ ತಂಬಾಕಿನ ಚಂಚಿ ಬಿಚ್ಚುತ್ತ ನಕ್ಕರು.
ಕೂಸು ಹುಟ್ಟುವ ಮುಂಚೆ ಕುಲಾವಿ,
ನಮ್ಮ ಕಡೆಯ ಈ ಗಾದೆ ಅವರಿಗೆ ಗೊತ್ತಿಲ್ಲ,
ಗೊತ್ತಿದ್ದರೆ ಅದನ್ನೇ ಅನ್ನುತ್ತಿದ್ದರು.

ಇಂಡಿಯ ಅಡತಿ ಅಂಗಡಿ ಕೊಟ್ಟ ಕ್ಯಾಲೆಂಡರಿನಲ್ಲಿ
ಜೂನ್ ಹಾಳೆಯ ಬೆನ್ನಿಗೆ ಬರೆದೆ,
ಜುನ್ನರ ತಾಲೂಕಿನ ಈ ಮನೆಯಲ್ಲಿ
ನನ್ನ ಹೊರತು ಯಾರೂ ಓದದ ಲಿಪಿಯಲ್ಲಿ:
ಎರಡೂವರೆ ಎಕರೆ. ಸೋಯಾ.
ಸಾಲಿಂದ ಸಾಲಿಗೆ ಹದಿನೆಂಟು ಅಂಗುಲ,
ಎಡೆಯಲ್ಲಿ ಕುಂಟೆ ಹೋಗಬೇಕು,
ಎತ್ತಿನ ಹಟವೂ ಹೋಗಬೇಕು.

ಹೋದ ವರ್ಷದ ತಂಟೆಕೋರರನ್ನು ನೆನೆದು ನಕ್ಷೆ ಬರೆದೆ.
ಬಾವಿಯ ಬದಿ ಗೋಳಿ. ಬದುವಿನ ಗುಂಟ ಕರಿಕೆ.
ಕಾಲುವೆ ಸೋರುವಲ್ಲಿ ಕನ್ನೆಸೊಪ್ಪು,
ನೀಲಿ ಓಲೆ ತೊಟ್ಟವಳು, ಕಿತ್ತೆಸೆದರೆ
ಬಿದ್ದಲ್ಲೇ ಗೆಣ್ಣಿಗೊಂದು ಬೇರು ಬಿಟ್ಟು ಕೂರುವವಳು.
ರಸ್ತೆ ಕಡೆಯಿಂದ ಕಾಂಗ್ರೆಸ್ ಹುಲ್ಲು.
ನಡುವೆ, ಹಂಚಿನಷ್ಟಗಲ, ಜೇಕು.
ಬರೆದು ಮುಗಿಸಿದಾಗ ಹಾಳೆ
ಪೊಲೀಸ್ ಠಾಣೆಯ ಗೋಡೆಯ ಹಾಗೆ ಕಂಡಿತು.

ಗುಂಜಾಳರ ಅಂಗಡಿಯಲ್ಲಿ ಬಾಟಲಿ ಕೊಟ್ಟು ಹೇಳಿದರು,
ಬಿತ್ತಿದ ಎರಡು ದಿನದೊಳಗೆ, ನೆಲ ಹಸಿ ಇರುವಾಗ,
ಹಿಂದೆ ಹಿಂದೆ ನಡೆಯುತ್ತ ಹೊಡೆಯಬೇಕು ತಾಯಿ,
ಹೊಡೆದದ್ದನ್ನು ತುಳಿಯಬಾರದು.
ತಂದು ಅಟ್ಟದ ಮೇಲಿಟ್ಟೆ. ಅದು ಎರಡನೆಯ ಉಪಾಯ.

ಮಿರಗ ಬಂತು.
ಆ ಮಳೆಗೆ ಇಲ್ಲಿಯೂ ಅದೇ ಹೆಸರು.
ಊರೆಲ್ಲ ಕೂರಿಗೆ ಹೂಡಿತು. ನಾನು ಹೂಡಲಿಲ್ಲ.
ಹರಗಿ, ಹೆಂಟೆ ಒಡೆದು, ಸಮ ಮಾಡಿ
ಬೀಜವೊಂದನ್ನು ಬಿಟ್ಟು ಎಲ್ಲ ಮಾಡಿದೆ.
ನೆಂಟರಿಗೆ ಹಾಸಿಗೆ ಹಾಸಿ, ದೀಪ ಸಣ್ಣ ಮಾಡಿ,
ಕೈಯಲ್ಲಿ ಕೋಲು ಹಿಡಿದು
ಬಾಗಿಲ ಹಿಂದೆ ನಿಂತ ಹಾಗೆ.

ನಾಲ್ಕನೆಯ ದಿನ ಈರುಳ್ಳಿ ಟೆಂಪೊ ನಿಲ್ಲಿಸಿ
ಮಂಚರ್‌ನಿಂದ ಗಂಡ ಫೋನು ಮಾಡಿದ.
ಬಿತ್ತಿದೆಯಾ?
ಇಲ್ಲ.
ಆಮೇಲೆ ಬರೀ ಹಾರ್ನು, ಯಾರದೋ ಬೈಗುಳ,
ಅವನ ಉಸಿರು.
ಎಂಟನೆಯ ದಿನ ಪಕ್ಕದ ಹೊಲದ ಸೋಯಾ
ಎರಡೆಲೆ ತೆರೆದು ನನ್ನ ಕಡೆಯೇ ನೋಡುತ್ತಿತ್ತು.
ರಾತ್ರಿ ನಿದ್ದೆ ಬರಲಿಲ್ಲ.

ಒಂಬತ್ತಕ್ಕೆ ಬಂದವು.
ಮೊಣಕಾಲೂರಿ, ಒಂದು ಬಳೆ ತೆಗೆದು ನೆಲಕ್ಕಿಟ್ಟು
ಒಳಗೆಷ್ಟು ಎಂದು ಎಣಿಸಿದೆ. ಹದಿನೇಳು.
ಇನ್ನೊಂದು ಕಡೆ ಇಪ್ಪತ್ತಮೂರು.
ಸೂಜಿಯ ತುದಿಯಷ್ಟು ಹಸಿರು, ಎಂಥ ನಂಬಿಕೆ!
ಒಂದು ಗಳಿಗೆ ನನಗೇ ನಾಚಿಕೆಯಾಯಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಅತ್ತೆ ಬಂದರು,
ಮಣ್ಣು ಹಿಡಿದು ಉಂಡೆ ಕಟ್ಟಿ ಎತ್ತಿ ಹಾಕಿದರು.
ಒಡೆಯಿತು.
ವಾಫಸಾ, ಎಂದರು ಅವರು.
ಹದ, ಎಂದೆ ನಾನು.
ಎತ್ತುಗಳಿಗೆ ಎರಡೂ ತಿಳಿಯಿತು.

ಕುಂಟೆ ಬಾವಿಯ ಬದಿಗೆ ತಿರುಗಬೇಕು, ನಿಲ್ಲು ಎಂದರು.
ಅಲ್ಲಿ ಗೋಳಿ ಎರಡು ಬೆರಳು ಎದ್ದಿತ್ತು, ಕೆಂಪು ದಂಟು, ಎಳೆಯದು.
ಸೆರಗೊಡ್ಡಿ ಕಿತ್ತರು, ಅವಸರವಿಲ್ಲದೆ,
ಎತ್ತುಗಳು ಬಾಲ ಬೀಸುತ್ತ ಕಾದವು.
ಇದು ನಿನ್ನ ಕಾಗದದಲ್ಲಿ ಎಲ್ಲಿದೆ ತೋರಿಸು.
ಮನೆಗೆ ಹೋಗಿ ತೋರಿಸಿದೆ.
ಕಳ್ಳರ ಸಾಲಿನಲ್ಲಿ, ಮೊದಲನೆಯ ಹೆಸರು.
ಹೆಬ್ಬೆಟ್ಟಿನಲ್ಲಿ ತಂಬಾಕಿನ ಸುಣ್ಣವಿತ್ತು,
ಹೆಸರಿನ ಪಕ್ಕ ಒತ್ತಿದರು:
ಮೊದಲು ಪಲ್ಯ, ಆಮೇಲೆ ಕುಂಟೆ.

ಸಂಜೆ ಬಿತ್ತಿದೆವು.
ಸಾಲುಗಳೆದ್ದವು, ನಡುವಿನ ನೆಲ ಖಾಲಿ,
ಬಾಟಲಿ ಇನ್ನೂ ಅಟ್ಟದ ಮೇಲಿದೆ.
ಹಾಸಿಗೆಯ ಮೋಸಕ್ಕೆ ಬೀಳದ್ದು ಜೇಕು ಒಂದೇ,
ನೆಲದೊಳಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಂಡು
ಐದನೆಯ ದಿನಕ್ಕೇ ಹಾಜರು.
ಅದರ ಮುಂದೆ ಬರೆದೆ: ಖುರ್ಪಿ. ಪ್ರತಿ ಸೋಮವಾರ.

ಇಪ್ಪತ್ತೊಂದಕ್ಕೆ ಎಡೆ ಹೊಡೆಯುವುದು,
ಮೂವತ್ತೈದಕ್ಕೆ ಗೌಳಾಬಾಯಿಯ ಆರು ಹೆಂಗಸರು,
ಎಲ್ಲ ಆ ಹಾಳೆಯ ಬೆನ್ನಲ್ಲೇ ಇರುವುದರಿಂದ
ಹರಿಯುವ ಹಾಗಿಲ್ಲ.
ಹಾಲಿನವನು ಲೆಕ್ಕಕ್ಕೆ ಬಂದು ಗೋಡೆ ನೋಡುತ್ತಾನೆ.
ಆಗಸ್ಟ್ ಬಂದರೂ ನಮ್ಮಲ್ಲಿ ಜೂನ್,
ಅದೂ ಬೆನ್ನು ತಿರುಗಿಸಿದ್ದು,
ಸುಣ್ಣದ ಹೆಬ್ಬೆಟ್ಟು ಹೊತ್ತದ್ದು.